ಸೀಳುನಾಯಿಯ ಹಿಂದೆ ಹೋದ ಕ್ಯಾಮೆರಾ

ಸೀಳುನಾಯಿಯ ಮೇಲೆ ನಮ್ಮ ಕಾಡುಗಳಲ್ಲಿ ಬಹುಕಾಲ ಯಾರಿಗೂ ಕನಿಕರವಿರಲಿಲ್ಲ. ಉಸಿರು ನಿಲ್ಲುವ ಮೊದಲೇ ಬೇಟೆಯನ್ನು ತಿನ್ನಲು ತೊಡಗುತ್ತದೆ ಎಂದು ಕಂಡವರಿಗೆ ಅಸಹ್ಯ, ಜಿಂಕೆಗಳನ್ನು ಮುಗಿಸಿಬಿಡುತ್ತದೆ ಎಂದು ಶಿಕಾರಿಗಳಿಗೆ ಸಿಟ್ಟು. ಬ್ರಿಟಿಷರ ಕಾಲದಲ್ಲಿ ಅದನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಕಾನೂನಿನ ರಕ್ಷಣೆಗೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವವರೆಗೆ ಕಾಯಬೇಕಾಯಿತು. ಇಂಥ ಪ್ರಾಣಿಯ ಬೆನ್ನು ಹತ್ತಿ ಮೈಸೂರಿನ ಇಬ್ಬರು ಗೆಳೆಯರು ವರ್ಷಗಟ್ಟಲೆ ಬಂಡೀಪುರದ ಸುತ್ತಮುತ್ತ ಅಲೆದರು. ಕೃಪಾಕರ ಮತ್ತು ಸೇನಾನಿ. ವನ್ಯಜೀವಿ ಛಾಯಾಗ್ರಹಣವನ್ನೇ ಬದುಕಿನ ದಾರಿ ಮಾಡಿಕೊಳ್ಳಬೇಕು ಎನ್ನುವ ಹುಡುಗ ಹುಡುಗಿಯರು ಈಗ ಊರೂರಿನಲ್ಲಿದ್ದಾರೆ. ಅವರಿಗೆ ಈ ವೃತ್ತಿಯನ್ನು ಪರಿಚಯಿಸಬೇಕಾದಾಗ ನನಗೆ ಹುಲಿಗಿಂತ ಮೊದಲು ನೆನಪಾಗುವುದು ಈ ಇಬ್ಬರು ಮತ್ತು ಅವರ ಸೀಳುನಾಯಿಗಳು.

ಈ ವೃತ್ತಿಯ ಹಿಂದಿನ ಕಥೆ ದೊಡ್ಡದು, ಚಿಕ್ಕದಾಗಿ ಹೇಳುತ್ತೇನೆ. 1920ರ ದಶಕದಲ್ಲಿ ಉತ್ತರದ ಶಿವಾಲಿಕ್ ಕಾಡುಗಳಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಪ್ರಾಣಿಗಳು ಓಡಾಡುವ ಜಾಡಿಗೆ ಅಡ್ಡಲಾಗಿ ತಂತಿ ಕಟ್ಟುತ್ತಿದ್ದರು. ಹುಲಿಯ ಕಾಲು ತಾಗಿದೊಡನೆ ಬೆಳಕು ಹೊತ್ತಿ ಚಿತ್ರ ಮೂಡುತ್ತಿತ್ತು. ಬಂದೂಕಿನ ಕಾಲದಲ್ಲಿ ಕ್ಯಾಮೆರಾದ ಪರ ವಾದಿಸಿದ ಅವರ ಪುಸ್ತಕ 1927ರಲ್ಲಿ ಬಂತು. ಮದರಾಸಿನ ಎಂ. ಕೃಷ್ಣನ್ ಕಪ್ಪು ಬಿಳುಪಿನಲ್ಲಿ ಆನೆಗಳನ್ನು ಹಿಡಿದಿಟ್ಟರು. ನಮ್ಮಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಖಾತೆ ಹೊತ್ತಿದ್ದ ಘೋರ್ಪಡೆ ಬಿಡುವು ಸಿಕ್ಕರೆ ಕಾಡಿನಲ್ಲಿರುತ್ತಿದ್ದರು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಹೊಂಚು ಹಾಕಿ ಕೂರುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರನ್ನು ಈ ಸಾಲಿನಿಂದ ಬಿಡಲು ಕನ್ನಡದ ಯಾವ ಓದುಗರಿಗೂ ಮನಸ್ಸು ಬರಲಾರದು. ಇವರಲ್ಲಿ ಹಲವರ ಅನ್ನದ ದಾರಿ ಬೇರೆಯಿತ್ತು. ಕ್ಯಾಮೆರಾ ಅವರಿಗೆ ಹುಚ್ಚು. ಹುಚ್ಚೇ ಅನ್ನವೂ ಆಗಬೇಕೆಂದು ಹೊರಟವರು ಆಮೇಲಿನ ತಲೆಮಾರಿನವರು.

ಸೀಳುನಾಯಿಯ ಬಗ್ಗೆ ವಿಜ್ಞಾನಕ್ಕೆ ಗೊತ್ತಿದ್ದದ್ದೂ ಕಡಿಮೆಯೇ. 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲೇ ಅದರ ಅಧ್ಯಯನ ಮಾಡಿ ಮೊದಲ ಬಾರಿಗೆ ಗಟ್ಟಿ ಮಾಹಿತಿ ಕೊಟ್ಟರು. ಇದು ಬೊಗಳುವ ನಾಯಿಯಲ್ಲ. ಗುಂಪು ಚದುರಿದರೆ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತದೆ. ಬೇಟೆ ಹಗಲಲ್ಲೇ, ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ. ಒಂದೊಂದು ನಾಯಿಯ ತೂಕ 20 ಕಿಲೋ ಮುಟ್ಟುವುದೂ ಅಪರೂಪ, ಆದರೆ ಗುಂಪಾಗಿ ಕಬಡ್ಡಿ ಆಟಗಾರರಂತೆ ಸುತ್ತುವರಿದರೆ ದೊಡ್ಡ ಕಡವೆಯೂ ಉಳಿಯುವುದಿಲ್ಲ. ಬೇಟೆ ಮುಗಿದ ಮೇಲಿನ ನಡವಳಿಕೆಯೇ ನೋಡಬೇಕಾದದ್ದು. ಮೊದಲು ಮರಿಗಳಿಗೆ ಜಾಗ. ಮರಿಗಳು ಇನ್ನೂ ಬಿಲದಲ್ಲಿದ್ದರೆ ದೊಡ್ಡವು ಹೊಟ್ಟೆಯಲ್ಲಿ ಮಾಂಸ ತುಂಬಿಕೊಂಡು ಹೋಗಿ ಅವುಗಳ ಮುಂದೆ ಕಕ್ಕುತ್ತವೆ. ಬಿಲ ಕಾಯುತ್ತ ಹಿಂದುಳಿದ ನಾಯಿಗೂ ಪಾಲು ಸಿಗುತ್ತದೆ. ಕ್ರೂರ ಎಂದು ಹೆಸರಾದ ಪ್ರಾಣಿಯ ಈ ಸಂಸಾರವನ್ನು ಜನರಿಗೆ ಕಾಣಿಸಬೇಕಾದರೆ ಒಂದು ಒಳ್ಳೆಯ ಚಿತ್ರ ಸಾಕಾಗುವುದಿಲ್ಲ. ಒಂದೇ ಗುಂಪನ್ನು ಮಳೆಗಾಲ, ಬೇಸಿಗೆ ಎನ್ನದೆ ಹಿಂಬಾಲಿಸಬೇಕು.

ಹಿಂಬಾಲಿಸುವುದು ಎಂದರೆ ಬಹುಪಾಲು ಕಿವಿಯ ಕೆಲಸ. ಜಿಂಕೆ ಕೂಗಿತೇ, ಮುಸುವ ಕೆಮ್ಮಿತೇ, ಕೂಗು ಒಂದೇ ಕಡೆ ನಿಂತಿದೆಯೇ ಸರಿಯುತ್ತಿದೆಯೇ ಎಂಬುದರಿಂದ ಯಾವ ಪ್ರಾಣಿ ಯಾವ ದಿಕ್ಕಿಗೆ ಹೊರಟಿದೆ ಎಂದು ಅಂದಾಜು ಮಾಡುತ್ತಾರೆ. ಹರಿದ ಕಿವಿ, ಬಾಲದ ತುದಿ, ಎದೆಯ ಬಿಳಿ ಮಚ್ಚೆ ನೋಡಿ ಒಂದೊಂದು ನಾಯಿಯನ್ನು ಗುರುತಿಟ್ಟುಕೊಳ್ಳುತ್ತಾರೆ. ಈ ವಿದ್ಯೆಯನ್ನು ಛಾಯಾಗ್ರಾಹಕರಿಗೆ ಕಲಿಸಿದವರು ಜೇನುಕುರುಬರಂಥ ಕಾಡಿನ ಜನ. ಪ್ರಶಸ್ತಿಯ ವೇದಿಕೆಯಲ್ಲಿ ಅವರ ಹೆಸರು ಕೇಳುವುದು ಕಡಿಮೆ. ಅವರಿಲ್ಲದೆ ನಮ್ಮ ಕಾಡಿನ ಯಾವ ದೊಡ್ಡ ಚಿತ್ರವೂ ಆಗಿಲ್ಲ ಎಂದೇ ನನ್ನ ನಂಬಿಕೆ. ಉಪಕರಣದ ಮಾತು ಆಮೇಲಿನದು. ಫಿಲಂ ರೋಲಿನ ಕಾಲದಲ್ಲಿ 36 ಚಿತ್ರ ಮುಗಿದರೆ ಓಡುತ್ತಿರುವ ನಾಯಿಯ ಮುಂದೆಯೇ ರೋಲು ಬದಲಿಸಬೇಕಿತ್ತು. ಬೆಳಗಿನ ಮಬ್ಬಿನಲ್ಲಿ ನಿಧಾನದ ಸ್ಲೈಡ್ ಫಿಲಂ ಕೈಕೊಡುತ್ತಿತ್ತು. ಈಗ ಆ ಕಷ್ಟವಿಲ್ಲ. ಕಾಯುವ ಕಷ್ಟ ಹಾಗೆಯೇ ಇದೆ.

ಕೃಪಾಕರ, ಸೇನಾನಿ ಕಾಡಿನಲ್ಲಿ ಕಳೆದ ಆ ವರ್ಷಗಳಿಗೆ ಬೇರೆ ಬೆಲೆಯೂ ಇತ್ತು. 1997ರ ಅಕ್ಟೋಬರ್‌ನಲ್ಲಿ ಕಾಡುಗಳ್ಳ ವೀರಪ್ಪನ್ ಈ ಇಬ್ಬರನ್ನೂ ಅಪಹರಿಸಿ 14 ದಿನ ತನ್ನ ಜತೆ ಇಟ್ಟುಕೊಂಡಿದ್ದ. ಬಿಡುಗಡೆಯಾದವರು ಕ್ಯಾಮೆರಾ ಕೆಳಗಿಡಲಿಲ್ಲ. ಮುಂದೆ ಅವರ ಸಾಕ್ಷ್ಯಚಿತ್ರ ‘ವೈಲ್ಡ್ ಡಾಗ್ ಡೈರೀಸ್’ ಬಂತು. ಸೀಳುನಾಯಿಗಳ ಕುರಿತ ‘ದಿ ಪ್ಯಾಕ್’ಗೆ 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ ಹಸಿರು ಆಸ್ಕರ್ ಎಂದೇ ಹೆಸರಾದ ಪಾಂಡಾ ಪ್ರಶಸ್ತಿ ಸಿಕ್ಕಿತು.

ನನಗೆ ಆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುವುದು ಗ್ಯಾಸ್ ಸಿಲಿಂಡರು. ಬಂಡೀಪುರದ ಅಂಚಿನ ಹಳ್ಳಿಗಳ ಹೆಂಗಸರು ದಿನಾ ಸೌದೆಗಾಗಿ ಕಾಡಿಗೆ ಹೋಗುತ್ತಿದ್ದರು. ಆನೆಯ ಭಯ, ಕಾವಲುಗಾರರ ಭಯ, ತಲೆಯ ಮೇಲೆ ಹೊರೆ, ಮನೆಗೆ ಬಂದರೆ ಒಲೆಯ ಹೊಗೆ. ಇತ್ತ ಕಾಡೂ ಸವೆಯುತ್ತಿತ್ತು. ಕೃಪಾಕರ, ಸೇನಾನಿ ಕಟ್ಟಿದ ‘ನಮ್ಮ ಸಂಘ’ ಈ ಹಳ್ಳಿಗಳ ಸಾವಿರಾರು ಮನೆಗಳಿಗೆ ರಿಯಾಯಿತಿಯಲ್ಲಿ ಅಡುಗೆ ಅನಿಲ ತಲುಪಿಸಿತು. ಬಹಳ ವರ್ಷ ಒಂದೇ ಕಾಡನ್ನು ನೋಡಿದವರಿಗೆ ಕಾಡಿನ ಪಕ್ಕದ ಒಲೆಯೂ ಕಾಣುತ್ತದೆ. ಸಂರಕ್ಷಣಾ ಛಾಯಾಗ್ರಹಣ ಎಂಬ ಭಾರದ ಹೆಸರಿಗೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಸಂಪಾದನೆಯ ವಿಷಯ ಕೇಳುವವರಿಗೆ ನೇರವಾಗಿ ಹೇಳಬೇಕು. ಚಿತ್ರ ಮಾರಿ ಬದುಕುವವರು ತೀರ ಕಡಿಮೆ. ಸಫಾರಿ ಪ್ರವಾಸ ಕರೆದೊಯ್ಯುವುದು, ಕಾರ್ಯಾಗಾರ ನಡೆಸುವುದು, ರೆಸಾರ್ಟುಗಳಲ್ಲಿ ಪ್ರಕೃತಿ ಮಾರ್ಗದರ್ಶಿಯಾಗುವುದು, ಸಾಕ್ಷ್ಯಚಿತ್ರ ತಂಡಗಳಲ್ಲಿ ದುಡಿಯುವುದು ಇವತ್ತಿನ ದಾರಿಗಳು. ಹುಲಿ ಅಭಯಾರಣ್ಯದಲ್ಲಿ ಚಿತ್ರೀಕರಣ ನಡೆಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ಶುಲ್ಕ ಕಟ್ಟಬೇಕು. 2020ರಲ್ಲಿ ಚಿತ್ರಮಂದಿರಗಳಿಗೆ ಬಂದ, ಡೇವಿಡ್ ಅಟೆನ್‌ಬರೋ ದನಿ ನೀಡಿದ ‘ವೈಲ್ಡ್ ಕರ್ನಾಟಕ’ ಅಮೋಘವರ್ಷ, ಕಲ್ಯಾಣ್ ವರ್ಮ ಮೊದಲಾದವರ ದೊಡ್ಡ ತಂಡದ ಕೆಲಸ. ಅಷ್ಟು ದೊಡ್ಡ ಅವಕಾಶ ಪದೇ ಪದೇ ಬರುವುದಿಲ್ಲ. ಹೀಗಾಗಿ ಹೊಸಬರೆಲ್ಲ ಹುಲಿ, ಚಿರತೆ ಇದ್ದಲ್ಲಿಗೇ ಓಡುತ್ತಾರೆ. ಅದು ಅವರ ತಪ್ಪಲ್ಲ, ಕೊಳ್ಳುವವರು ಕೇಳುವುದು ಅದನ್ನೇ.

ಆದರೆ ಸಿರುಗುಪ್ಪದ ಎರೆಹೊಲಗಳಲ್ಲಿ ಎರೆಭೂತ ಹಕ್ಕಿ ಬೆರಳೆಣಿಕೆಯಷ್ಟೇ ಉಳಿದಿದೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಕಾಂಪೌಂಡು ಗೋಡೆಗಳು ಎದ್ದಿವೆ. ಕೊಪ್ಪಳದ ಕಡೆಯ ತೋಳಗಳ ಜತೆ ತಲೆತಲಾಂತರದಿಂದ ಹೆಣಗುತ್ತ ಬಂದಿರುವ ಕುರಿಗಾಹಿಗಳಿಗೆ ಅವುಗಳ ಬಗ್ಗೆ ಗೊತ್ತಿರುವುದರಲ್ಲಿ ಬಹಳಷ್ಟು ಇನ್ನೂ ಎಲ್ಲೂ ದಾಖಲಾಗಿಲ್ಲ. ಸಫಾರಿ ಜೀಪು ಹೋಗದ ಈ ಬಯಲುಗಳಿಗೂ ಒಂದು ಜೋಡಿ ಬೇಕು, ಗೂಡಿನ ಕಾಲದಲ್ಲಿ ಹತ್ತಿರ ಹೋಗದೆ ದೂರದಲ್ಲೇ ನಿಂತು ವರ್ಷಗಟ್ಟಲೆ ನೋಡಬಲ್ಲವರು. ಅಷ್ಟು ವರ್ಷ ಅವರ ಮನೆ ನಡೆಸಲು ಹಣ ಎಲ್ಲಿಂದ ಬರಬೇಕು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆ ಹಕ್ಕಿ ಇನ್ನೂ ಇರುವಾಗಲೇ ಯಾರಾದರೂ ಹೊರಡಬಾರದೇ ಎಂಬ ಆಸೆಯಷ್ಟೇ ಇದೆ.