ಹೊಸ ತಂತಿಗೆ ಹದವುಂಟೆ?

ಮನೆಯಲ್ಲಿ ಕುಳಿತು ಸಂಗೀತವನ್ನು ಕೇಳುವ ಅಭ್ಯಾಸವು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. 1993ರಲ್ಲಿ ಮಡಿಕೇರಿಯಲ್ಲಿ ಆಕಾಶವಾಣಿಯ ಕೇಂದ್ರವು ಆರಂಭವಾಗಿ, ಕೊಡಗಿನ ನುಡಿಯೂ ಹಾಡೂ ಕೊಡಗಿನ ಮನೆಗಳನ್ನು ತಲಪಿದುವು. ವಿರಾಜಪೇಟೆಯ ಸುತ್ತಣ ತೋಟದ ಮನೆಗಳಲ್ಲಿ ಮಳೆಗಾಲದ ದೀರ್ಘವಾದ ಸಂಜೆಗಳನ್ನು ಕಳೆಯುವುದಕ್ಕೆ ಸಂಗೀತಕ್ಕಿಂತ ಉತ್ತಮವಾದ ಜೊತೆ ಮತ್ತಾವುದಿದೆ?

ಆದರೆ ಒಳ್ಳೆಯ ಆಂಪ್ಲಿಫಯರನ್ನೂ ಸ್ಪೀಕರುಗಳನ್ನೂ ಕೊಂಡ ಗೃಹಸ್ಥರ ಕಿವಿಗೆ ಈಚೆಗೆ ಒಂದು ವಿಚಿತ್ರವಾದ ಮಾತು ಬೀಳುತ್ತಿದೆ. ಗೋಡೆಯಿಂದ ಯಂತ್ರಕ್ಕೆ ವಿದ್ಯುತ್ತನ್ನು ತರುವ ಹೊಸ ಕೇಬಲ್ಲು ಮೊದಲ ದಿನವೇ ತನ್ನ ಗುಣವನ್ನು ತೋರದಂತೆ. ಅದನ್ನು ನೂರಿನ್ನೂರು ಗಂಟೆಗಳ ಕಾಲ ಎಡೆಬಿಡದೆ ನಡೆಯಿಸಿ ಪಳಗಿಸಬೇಕಂತೆ. ಆ ಬಳಿಕವೇ ನಾದವು ಅರಳುವುದಂತೆ. ಇಂತಹ ಕೇಬಲ್ಲುಗಳಲ್ಲಿ ಲಕ್ಷ ರೂಪಾಯಿ ಮೀರುವಂತಹವೂ ಉಂಟು. ಆದುದರಿಂದ ಈ ಮಾತನ್ನು ನಂಬುವ ಮೊದಲು ಸ್ವಲ್ಪ ಪರೀಕ್ಷಿಸಿ ನೋಡುವುದು ವಿವೇಕ.

ಹೊಸ ವಸ್ತುವನ್ನು ಹದಗೊಳಿಸಬೇಕೆಂಬ ಭಾವನೆಯೇನೋ ಮೂಢನಂಬಿಕೆಯಲ್ಲ. ಹೊಸ ದೋಸೆಯ ಕಾವಲಿಗೆ ಎಣ್ಣೆ ಸವರಿ ಕಾಯಿಸದೆ ದೋಸೆ ಎದ್ದು ಬರುವುದಿಲ್ಲವೆಂಬುದನ್ನು ಯಾವ ಗೃಹಿಣಿಯೂ ಬಲ್ಲಳು. ದುಡಿಯ ಚರ್ಮವು ಮಳೆಗಾಲದ ತೇವಕ್ಕೆ ಸಡಿಲಿದರೆ ಬೆಂಕಿಯ ಕಾವು ತೋರಿಸಿ ಬಿಗಿಮಾಡುವುದುಂಟು. ಸ್ಪೀಕರಿನಲ್ಲಿಯೂ ಇಂತಹದೊಂದು ಇದೆ. ಅದರ ಕೋನನ್ನು ಹಿಡಿದಿರುವ ಬಟ್ಟೆಯ ಮತ್ತು ರಬ್ಬರಿನ ಅಂಚುಗಳು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಮಿದುವಾಗುತ್ತವೆ. ಕಾವಲಿಯಲ್ಲಿ ಎಣ್ಣೆ ಕಬ್ಬಿಣಕ್ಕೆ ಹತ್ತುತ್ತದೆ. ದುಡಿಯಲ್ಲಿ ಚರ್ಮ ಬಿಗಿಯುತ್ತದೆ. ಸ್ಪೀಕರಿನಲ್ಲಿ ಅಂಚು ಅಲುಗಾಡಿ ಸಡಿಲುತ್ತದೆ. ಹಾಗಾದರೆ ತಾಮ್ರದ ತಂತಿಯಲ್ಲಿ ಬದಲಾಗತಕ್ಕದ್ದು ಯಾವುದು?

ತಂತಿಯಲ್ಲಿ ಅಲುಗಾಡುವ ಭಾಗವಿಲ್ಲ. ಅದರೊಳಗೆ ಚಲಿಸುವುವು ಇಲೆಕ್ಟ್ರಾನುಗಳು ಮಾತ್ರ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹಿಂದುಮುಂದಾಗಿ ತೂಗಾಡತಕ್ಕದ್ದು. ಒಂದೂವರೆ ಚದರ ಮಿಲಿಮೀಟರ್ ದಪ್ಪದ ತಂತಿಯಲ್ಲಿ ಒಂದು ಆಂಪಿಯರ್ ಪ್ರವಾಹವಿದ್ದಾಗ ಇಲೆಕ್ಟ್ರಾನುಗಳ ಈ ತೂಗಾಟವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅವು ಅಲ್ಲಿಯೇ ಜೀಕುತ್ತಿರುವಾಗ, ಕೆಲವು ಕೇಬಲ್ಲುಗಳ ಮೇಲೆ ಬಾಣದ ಗುರುತು ಹಾಕಿ ದಿಕ್ಕು ತೋರಿಸುವುದಕ್ಕೆ ಅರ್ಥವೇನಿದೆ? ತಾಮ್ರದ ಹರಳುಗಳು ಮರುಜೋಡಣೆಯಾಗಬೇಕಾದರೆ ಬಲವಾದ ಶಾಖ ಬೇಕು. ಸಾಮಾನ್ಯ ಕೇಬಲ್ಲಿನ ಪಿ.ವಿ.ಸಿ. ಹೊದಿಕೆಯಾದರೋ ಸುಮಾರು 70 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಬಿಸಿಯಲ್ಲಿ ದುಡಿಯಲು ತಕ್ಕುದಲ್ಲ. ತಾಮ್ರವು ಪಳಗುವುದಕ್ಕೆ ಮೊದಲೇ ಹೊದಿಕೆಯು ಕೆಟ್ಟುಹೋದೀತು!

ಇನ್ನು ಲೆಕ್ಕವನ್ನು ನೋಡೋಣ. ಅದೇ ದಪ್ಪದ, 2 ಮೀಟರ್ ಉದ್ದದ ಕೇಬಲ್ಲಿನಲ್ಲಿ, ಹೋಗುವ ತಂತಿ ಬರುವ ತಂತಿಗಳೆರಡನ್ನೂ ಸೇರಿಸಿದರೆ, ರೋಧವು ಸುಮಾರು 0.05 ಓಮ್. ಒಂದು ಆಂಪಿಯರ್ ಹರಿದಾಗ 230 ವೋಲ್ಟಿನಲ್ಲಿ ನಷ್ಟವಾಗುವುದು 0.05 ವೋಲ್ಟ್ ಮಾತ್ರ. ಹೂಮಳೆ ತಡವಾದ ವರ್ಷ ನೆರೆಯ ತೋಟದ ವಿದ್ಯುತ್ ಪಂಪು ಹೊರಟಾಗ ದೀಪಗಳು ಮಂಕಾಗುವುದನ್ನು ನೋಡಿದವರು, ಈ ನಷ್ಟವು ಎಷ್ಟು ಅಲ್ಪವೆಂಬುದನ್ನು ಊಹಿಸಬಹುದು. ಮೇಲಾಗಿ, ವಿದ್ಯುತ್ತು ಕಾಡು, ತೋಟ, ಗದ್ದೆಗಳನ್ನು ದಾಟಿ ಎಷ್ಟೋ ಮೈಲಿ ತಂತಿಯ ಮೇಲೆ ನಡೆದು ಬಂದಿರುತ್ತದೆ. ಕೊನೆಯ ಎರಡು ಮೀಟರು ಮಾತ್ರ ಅದಕ್ಕೆ ಹೊಸ ಸಂಸ್ಕಾರವನ್ನು ಕೊಡುವುದು ಹೇಗೆ? ಅಷ್ಟೇ ಅಲ್ಲದೆ ಆಂಪ್ಲಿಫಯರು ಬಂದ ವಿದ್ಯುತ್ತನ್ನು ಹಾಗೆಯೇ ಬಳಸುವುದಿಲ್ಲ. ಏಕಮುಖವಾಗಿಸಿ ಕೆಪಾಸಿಟರುಗಳಲ್ಲಿ ತುಂಬಿಟ್ಟುಕೊಂಡು, ಗದ್ದೆಯ ಮೇಲಣ ಕೆರೆಯಿಂದ ನೀರು ಬಿಟ್ಟಂತೆ, ಬೇಕಾದಷ್ಟು ಬಿಟ್ಟುಕೊಳ್ಳುತ್ತದೆ.

ಹಾಗಾದರೆ ಇನ್ನೂರು ಗಂಟೆಗಳ ಮೇಲೆ ನಾದವು ಇಂಪಾಯಿತೆನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರಿಗೆ ಇಂಪಾಗಿ ಕೇಳುವುದು ನಿಜವೇ. ಆದರೆ ಪಳಗಿದುದು ತಂತಿಯಲ್ಲ, ಕಿವಿ. ದಿನದಿನವೂ ಕೇಳಿದ ನಾದಕ್ಕೆ ಮನಸ್ಸು ಒಗ್ಗುತ್ತದೆ. ಹಣ ಕೊಟ್ಟು ಕಾದಿದ್ದ ಫಲವನ್ನು ಮನಸ್ಸು ತಾನೇ ತಂದುಕೊಳ್ಳುತ್ತದೆ.

ಸಂದೇಹವುಳ್ಳವರು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯದೊಂದು, ಹೊಸದೊಂದು ಕೇಬಲ್ಲನ್ನು ತನ್ನಿರಿ. ಯಂತ್ರವನ್ನು ಪರದೆಯ ಹಿಂದೆ ಇಡಿರಿ. ಮನೆಯವರೊಬ್ಬರು ಪ್ರತಿಸಾರಿಯೂ ನಾಣ್ಯವನ್ನು ಚಿಮ್ಮಿ, ಸ್ವಿಚ್ಚನ್ನು ಆರಿಸಿ, ಬಿದ್ದ ಮುಖಕ್ಕೆ ತಕ್ಕ ಕೇಬಲ್ಲನ್ನು ಹಾಕಲಿ. ಬದಲಾಗದಿದ್ದಾಗಲೂ ತೆಗೆದು ಮತ್ತೆ ಹಾಕಲಿ. ಅವರು ಮಾತನಾಡಬಾರದು, ಧ್ವನಿಯ ಮಟ್ಟವನ್ನೂ ಬದಲಿಸಬಾರದು. ಕೇಳುವವರು ಹತ್ತು ಸಲ ತಮ್ಮ ಊಹೆಯನ್ನು ಬರೆದಿಡಲಿ. ಬರಿಯ ಅದೃಷ್ಟದಿಂದಲೇ ಐದಾರು ಸರಿಯಾಗುವುದು ಸಹಜ. ಒಂಬತ್ತಾಗಲಿ ಹತ್ತಾಗಲಿ ಸರಿಯಾಗುವುದು ಅದೃಷ್ಟದಿಂದ ನೂರಕ್ಕೆ ಒಂದು ಸಲ ಮಾತ್ರ. ಅಷ್ಟಾಗದೆ ಹಣವನ್ನು ಬಿಚ್ಚಬೇಕಾಗಿಲ್ಲ.

ಆದರೆ ಪಳಗಿಸುವ ಈ ಪದ್ಧತಿಯಿಂದ ಆಗುವ ಹಾನಿಯು ಹಣದ್ದು ಮಾತ್ರವಲ್ಲ. ನೂರು ವಾಟಿನ ಯಂತ್ರವನ್ನು 200 ಗಂಟೆ ನಡೆಸಿದರೆ 20 ಯೂನಿಟ್ ವಿದ್ಯುತ್ತು ವ್ಯರ್ಥವಾಗುತ್ತದೆ, ಅದನ್ನಾದರೂ ಸಹಿಸಬಹುದು. ಮುಂಗಾರಿಗೆ ಮೊದಲಿನ ಗುಡುಗು ಮಿಂಚಿನ ದಿನಗಳಲ್ಲಿ, ಮನೆಯವರೆಲ್ಲ ನಿದ್ರಿಸುತ್ತಿರಲು ಯಂತ್ರವನ್ನು ಗೋಡೆಗೆ ಜೋಡಿಸಿಟ್ಟಿರುವುದು ಅಪಾಯ. ಆಗ ಪ್ಲಗ್ಗನ್ನೇ ಕಿತ್ತಿಡುವುದು ಲೇಸು. ಸ್ವಿಚ್ಚನ್ನು ಆರಿಸಿದರೆ ಸಾಲದು.

ಸ್ಪೀಕರಿನಲ್ಲಿ ಹುಮ್ಮೆಂಬ ಗುಂಯ್ಗುಟ್ಟುವಿಕೆಯನ್ನು ನಿಲ್ಲಿಸಲೆಂದು ಕೆಲವರು ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ತೆಗೆಸಿಬಿಡುವರು. ಇದನ್ನು ಎಂದಿಗೂ ಮಾಡಬಾರದು. ಆ ಕಡ್ಡಿಯನ್ನು ಮಿಕ್ಕೆರಡಕ್ಕಿಂತ ಉದ್ದವಾಗಿ ಮಾಡಿರುವುದೇ ಅದು ಮೊದಲು ಸೇರಿ ಕಡೆಗೆ ಬಿಡಲಿ ಎಂದು. ಯಂತ್ರದ ಲೋಹದ ಪೆಟ್ಟಿಗೆಗೆ ವಿದ್ಯುತ್ತು ಸೋರಿದರೆ ಅದನ್ನು ನೆಲಕ್ಕೆ ಇಳಿಸಿ ಮುಟ್ಟಿದವರ ಪ್ರಾಣವನ್ನು ಉಳಿಸತಕ್ಕದ್ದು ಅದೇ. ಮಳೆಯ ತಂಪಿನಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ನಮ್ಮ ಮಕ್ಕಳಿಗೆ ಈ ರಕ್ಷೆಯು ಮತ್ತಷ್ಟು ಅಗತ್ಯ.

ಕೇಬಲ್ಲಿಗೆಂದು ಹಣ ಕೂಡಿಟ್ಟಿರುವವರು ಅದನ್ನು ಹೀಗೆ ವಿನಿಯೋಗಿಸಲಿ: ಐ.ಎಸ್.ಐ. ಗುರುತಿನ, ತಕ್ಕ ದಪ್ಪದ ಸಾಮಾನ್ಯ ಕೇಬಲ್ಲು. ಅರ್ಹ ಇಲೆಕ್ಟ್ರಿಷಿಯನ್ನನಿಂದ ಮನೆಯ ಅರ್ಥಿಂಗಿನ ಪರೀಕ್ಷೆ. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚು. ಸಡಿಲವಾದ ಸಾಕೆಟ್ಟಿಗೆ ಬದಲು ಬಿಗಿಯಾದುದು. ತೇವದಿಂದ ಹಿತ್ತಾಳೆಯ ಕಡ್ಡಿಗಳಿಗೆ ಕಿಲುಬು ಹತ್ತಿದೆಯೇ ಎಂದು ಮಳೆಗಾಲದ ಕೊನೆಗೊಮ್ಮೆ, ಪ್ಲಗ್ಗನ್ನು ಕಿತ್ತ ಬಳಿಕ, ನೋಡಿ ಶುಚಿಮಾಡಬೇಕು. ಸಡಿಲವಾದ, ಕಿಲುಬು ಹಿಡಿದ ಕೂಡಿಕೆಯು ಬಿಸಿಯೇರಿ ಕರಟೀತು. ಚಟಪಟ ಸದ್ದನ್ನೂ ಮಾಡೀತು. ಇಷ್ಟು ಮಾಡಿದ ಬಳಿಕವೂ ಹಣ ಮಿಕ್ಕರೆ, ಒಳ್ಳೆಯ ಸಂಗೀತದ ಧ್ವನಿಮುದ್ರಿಕೆಗಳನ್ನು ಕೊಳ್ಳಲಿ. ಕೇಳಿದಷ್ಟೂ ರುಚಿ ಹೆಚ್ಚುವ ಗುಣವು ನಿಜವಾಗಿ ಇರುವುದು ಸಂಗೀತದಲ್ಲಿಯೇ.