ಜಾರಿನೊಳಗಿನ ಚಳಿ

ಚನ್ನರಾಯನದುರ್ಗದ ಬೆಟ್ಟದಲ್ಲಿ ಕೋಟೆಗೋಡೆ ಬಂಡೆಯನ್ನೇ ಹಿಡಿದು ಮೇಲೇರುತ್ತದೆ. ಬೆಳಗಿನ ಬಿಸಿಲು ಮೊದಲು ಆ ಗೋಡೆಗೆ ತಾಕಿ, ಆಮೇಲೆ ಬುಡದ ಮನೆಗಳಿಗೆ ಇಳಿಯುತ್ತದೆ. ಅಷ್ಟರಲ್ಲಾಗಲೇ ಒಂದು ಕೊಟ್ಟಿಗೆಯಲ್ಲಿ ಸೀಮೆಹಸು ಹಗ್ಗ ಜಗ್ಗುತ್ತ ಅರಚುತ್ತಿದೆ. "ರಾತ್ರಿಯಿಂದ ಹಿಂಗೇಯ ಸಾ, ಬೆದೆಗೆ ಬಂದೈತೆ" ಎನ್ನುತ್ತಾನೆ ರೈತ.

ಕೃತಕ ಗರ್ಭಧಾರಣೆ ಮಾಡಲು ಬೈಕಿನಿಂದ ಇಳಿದವರು ಜಾರಿನ ಮುಚ್ಚಳ ತೆರೆದರೆ ಬಿಳಿ ಹೊಗೆ ಉಕ್ಕಿ ನೆಲಕ್ಕಿಳಿಯುತ್ತದೆ. ಒಳಗಿರುವುದು ದ್ರವ ಸಾರಜನಕ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿ. ಇಕ್ಕಳದಿಂದ ಎತ್ತಿದ ಸ್ಟ್ರಾ ಅರೆ ನಿಮಿಷ ಉಗುರುಬೆಚ್ಚಗಿನ ನೀರಲ್ಲಿದ್ದರೆ ಒಳಗಿನ ವೀರ್ಯ ಕರಗುತ್ತದೆ. ಅಜ್ಜಿ ಹಗ್ಗ ಹಿಡಿದಿದ್ದಾಳೆ, ಮಕ್ಕಳು ಸುತ್ತ ನಿಂತಿದ್ದಾರೆ. "ಹೆಣ್ಗರ ಆಗ್ಲಪ್ಪ" ಎಂದು ಹರಸುವುದಕ್ಕೆ ಯಾರಿಗೂ ಸಂಕೋಚವಿಲ್ಲ.

ಇದೇ ಸೀಮೆಯಿಂದ ಮಗುವಾಗುವ ಚಿಕಿತ್ಸೆಗೆಂದು ಕೊರಟಗೆರೆಯ ಬಸ್ಸು ಹಿಡಿದು ಬೆಂಗಳೂರಿಗೆ ಹೊರಡುವ ದಂಪತಿಗಳಿದ್ದಾರೆ. ಗಂಡನ ಕೈಯಲ್ಲಿ ಫೈಲು, ಹೆಂಡತಿಯ ಚೀಲದಲ್ಲಿ ಐಸ್ ಪ್ಯಾಕಿನ ನಡುವೆ ಇಂಜೆಕ್ಷನ್. ಕೇಳಿದವರಿಗೆ ಗೊರವನಹಳ್ಳಿ ಲಕ್ಷ್ಮಿಗೆ ಪೂಜೆ ಮಾಡಿಸಲು ಎಂಬ ಉತ್ತರ.

ಅಲ್ಲಿನ ಆಸ್ಪತ್ರೆಯಲ್ಲಿ ಅವರ ಭ್ರೂಣವೂ ಅದೇ ಚಳಿಯಲ್ಲಿದೆ. ಐದು ದಿನದ್ದು, ಬರಿಗಣ್ಣಿಗೆ ಚುಕ್ಕಿಯಷ್ಟು, ಒಳಗೆ ನೂರರಷ್ಟು ಜೀವಕೋಶಗಳು. ಕೋಶದ ನೀರು ಮಂಜಾದರೆ ಅದರ ಹರಳುಗಳೇ ಕೋಶವನ್ನು ಸೀಳುತ್ತವೆ. ಅದಕ್ಕೇ ನೀರನ್ನು ಹೊರಗೆಳೆದು, ರಕ್ಷಕ ದ್ರಾವಣ ತುಂಬಿ, ಒಮ್ಮೆಲೇ ಸಾರಜನಕಕ್ಕೆ ಅದ್ದುತ್ತಾರೆ. ಹರಳು ಕಟ್ಟಲು ಪುರಸೊತ್ತಿಲ್ಲದೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಸಾರಜನಕ ಸದಾ ಆವಿಯಾಗುತ್ತಲೇ ಇರುವುದರಿಂದ ಮಟ್ಟ ಅಳೆದು ತುಂಬಿಸುವ ಕೈಗಳು ಬಿಡುವಿಲ್ಲದೆ ಇರಬೇಕು. ಹೀಗೆ ಕಾಯಲು ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನದ 2021ರ ಕಾಯ್ದೆ 10 ವರ್ಷ ಕೊಟ್ಟಿದೆ.

ಇದು ನಮಗೆ ಹೊರಗಿನಿಂದ ಬಂದ ವಿದ್ಯೆಯಷ್ಟೇ ಅಲ್ಲ. 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಹುಟ್ಟಿದ ದುರ್ಗಾ, ಡಾ. ಸುಭಾಷ್ ಮುಖೋಪಾಧ್ಯಾಯರು 53 ದಿನ ಶೀತಲೀಕರಿಸಿಟ್ಟಿದ್ದ ಭ್ರೂಣದಿಂದ ಬಂದ ಮಗು. ಅಧಿಕಾರಸ್ಥರು ನಂಬಲಿಲ್ಲ, ನೊಂದ ವೈದ್ಯರು 1981ರಲ್ಲಿ ಪ್ರಾಣ ಕಳೆದುಕೊಂಡರು. ಅವರಿಗೆ ಮನ್ನಣೆ ಸಿಕ್ಕಿದ್ದು ತೀರಿಕೊಂಡ ಮೇಲೆ.

ಸಂಜೆ ಬಸ್ಸಿಳಿದ ಆ ಹೆಣ್ಣುಮಗಳು ಫೈಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆಯುತ್ತಾಳೆ. ಮಗುವಾಗದ ಮಾತು ಬಂದರೆ ಊರು ಇಂದಿಗೂ ಬೆರಳು ತೋರುವುದು ಅವಳತ್ತಲೇ. ಈ ಚಿಕಿತ್ಸೆಗೆ ಸಾಲ, ಒಡವೆ, ಕೆಲವೊಮ್ಮೆ ಹೊಲವೂ ಕರಗುತ್ತದೆ. ಹಸುವಿಗೆ ಕೊಟ್ಟಿಗೆಯ ಬಾಗಿಲಿಗೇ ಬಂದ ವಿದ್ಯೆ ಅವಳಿಗೆ ಜಿಲ್ಲಾಸ್ಪತ್ರೆಯವರೆಗಾದರೂ ಬರಬೇಕು. ಅಂಗಳದಲ್ಲಿ ಹಸುವನ್ನು ಹರಸಿದ ಬಾಯಿಗಳು ಅವಳನ್ನೂ ಹರಸಬೇಕು.