ಬೆಸುಗೆ ಕಡ್ಡಿಗೆ ಎಟುಕಿದಷ್ಟು

1982ರ ಅಕ್ಟೋಬರ್ 1ರಂದು ಸೋನಿಯ ಸಿಡಿಪಿ-101 ಜಪಾನಿನ ಅಂಗಡಿಗಳಿಗೆ ಬಂದಾಗ, ಆಡಿಯೊ ಯಂತ್ರಗಳನ್ನು ಬಿಚ್ಚಿ ತಿದ್ದುವ ಹವ್ಯಾಸಿಗಳ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಎಲ್‌ಪಿ ಕಾಲದಲ್ಲಿ ಅವರಿಗೆ ಕೈಯಾಡಿಸಲು ಬೇಕಾದಷ್ಟಿತ್ತು: ಮುಳ್ಳು, ತೋಳಿನ ಭಾರ, ವಾಲ್ವ್, ಟ್ರಾನ್ಸ್‌ಫಾರ್ಮರ್. ಸಿಡಿಯಲ್ಲಿ ಸಂಗೀತವೆಂದರೆ ಸೆಕೆಂಡಿಗೆ 44,100 ಸಲ ಅಳೆದಿಟ್ಟ 16 ಬಿಟ್ ಸಂಖ್ಯೆಗಳು. ಅವನ್ನು ಓದಿ, ತಪ್ಪು ತಿದ್ದಿ, ಮತ್ತೆ ಅಲೆಯಾಗಿಸುವ ಕೆಲಸವೆಲ್ಲ ಚಿಪ್ಪುಗಳ ಒಳಗೇ ನಡೆಯುತ್ತಿತ್ತು. ಆದರೆ ಕೆಲಸ ಮುಗಿಯಲಿಲ್ಲ. ಒಂದೆರಡು ವರ್ಷಗಳಲ್ಲೇ ಇಂಗ್ಲೆಂಡಿನ ಮೆರಿಡಿಯನ್ ಕಂಪನಿ ಫಿಲಿಪ್ಸ್‌ನ ಸಿಡಿ ಪ್ಲೇಯರನ್ನೇ ಆಧಾರವಾಗಿಟ್ಟುಕೊಂಡು, ತಿದ್ದಿ, ಎಂಸಿಡಿ ಎಂಬ ಹೆಸರಿನಲ್ಲಿ ಮಾರಿತು. 1990ರ ದಶಕದಲ್ಲಿ ಮರಾಂಟ್ಜ್‌ನ ಕೆನ್ ಇಷಿವಾಟಾ ಸಾಧಾರಣ ಸಿಡಿ-63ಕ್ಕೆ ಉತ್ತಮ ಬಿಡಿಭಾಗ ಹಾಕಿಸಿ, ತಮ್ಮ ಹೆಸರಿನ ಮೊದಲಕ್ಷರಗಳ 'ಕೆಐ ಸಿಗ್ನೇಚರ್' ಆವೃತ್ತಿ ಹೊರತಂದರು. ಕಂಪನಿಗಳೇ ಹೀಗೆ ಮಾಡುವಾಗ ಹವ್ಯಾಸಿಗಳು ಸುಮ್ಮನಿದ್ದಾರೆಯೇ? ಅವರೂ ಮುಚ್ಚಳ ತೆಗೆದು ರೆಸಿಸ್ಟರ್‌ಗಳನ್ನು ಬದಲಿಸತೊಡಗಿದರು. ನನ್ನ ವಾದ ಇಷ್ಟೇ: ಅವರು ರೆಸಿಸ್ಟರ್ ಬದಲಿಸಿದ್ದು ದೋಷ ಅಲ್ಲಿದ್ದುದರಿಂದ ಅಲ್ಲ, ಬೆಸುಗೆ ಕಡ್ಡಿಗೆ ಎಟುಕುತ್ತಿದ್ದ ಜಾಗ ಅದಾದ್ದರಿಂದ.

ಬಿಡಿಭಾಗಗಳಿಗೂ ಒಂದೊಂದು ದನಿ ಇದೆ ಎಂಬ ನಂಬಿಕೆ ಸಿಡಿಗಿಂತ ಹಳೆಯದು. 1980ರಲ್ಲಿ ವಾಲ್ಟರ್ ಜಂಗ್ ಮತ್ತು ರಿಚರ್ಡ್ ಮಾರ್ಷ್ ಅಮೆರಿಕದ 'ಆಡಿಯೊ' ಪತ್ರಿಕೆಯಲ್ಲಿ ಕೆಪಾಸಿಟರ್‌ಗಳ ಆಯ್ಕೆಯ ಬಗ್ಗೆ ಎರಡು ಕಂತುಗಳಲ್ಲಿ ಬರೆದರು. ಅದರಲ್ಲಿ ಅಳತೆಗೆ ಸಿಗುವ ದೋಷಗಳ ಚರ್ಚೆಯೇ ಇತ್ತು. ಆದರೆ ಕೆಪಾಸಿಟರ್‌ಗೆ ನಿಜವಾದ ಮಾತು ರೆಸಿಸ್ಟರ್‌ಗೂ ನಿಜವಿರಬೇಕು ಎಂದು ಹಲವರು ಭಾವಿಸಿದರು. ಅವರ ಕನಸಿನ ವಸ್ತು ಆಗಲೇ ಸಿದ್ಧವಿತ್ತು. ಫೆಲಿಕ್ಸ್ ಜ್ಯಾಂಡ್‌ಮನ್ 1962ರಲ್ಲಿ ಸ್ಥಾಪಿಸಿದ ವಿಷೇ ಕಂಪನಿಯ ಫಾಯಿಲ್ ರೆಸಿಸ್ಟರ್ ಅದು. ನಾಜಿಗಳಿಂದ ತಪ್ಪಿಸಿಕೊಂಡು ನೆಲದಡಿಯ ಗುಂಡಿಯೊಂದರಲ್ಲಿ 17 ತಿಂಗಳು ಅಡಗಿದ್ದ ಹುಡುಗ ಈ ಜ್ಯಾಂಡ್‌ಮನ್. ಆ ಕತ್ತಲಲ್ಲೇ ಬಂಧುವೊಬ್ಬರು ಅವನಿಗೆ ಗಣಿತ ಕಲಿಸಿದ್ದರು. ಮುಂದೆ ಅವರು ಕಂಡುಕೊಂಡ ಉಪಾಯ ಸೊಗಸಾದದ್ದು. ಬಿಸಿಯಾದರೆ ಲೋಹದ ಹಾಳೆಯ ರೋಧ ಏರುತ್ತದೆ. ಅದೇ ಹಾಳೆಯನ್ನು ಸೆರಾಮಿಕ್‌ಗೆ ಅಂಟಿಸಿದರೆ, ಹಿಗ್ಗಲು ಹೊರಟ ಲೋಹವನ್ನು ಸೆರಾಮಿಕ್ ತಡೆದು ಒತ್ತುತ್ತದೆ, ಆ ಒತ್ತಡಕ್ಕೆ ರೋಧ ಇಳಿಯುತ್ತದೆ. ಏರಿದ್ದೂ ಇಳಿದದ್ದೂ ವಜಾ. ಸಾಮಾನ್ಯ ಮೆಟಲ್ ಫಿಲ್ಮ್ ರೆಸಿಸ್ಟರ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 50ರಿಂದ 100 ಭಾಗ ಬದಲಾದರೆ, ಇದು ಬದಲಾಗುವುದು ಎರಡೋ ಮೂರೋ ಭಾಗ. ಇದು ಅಳತೆಯ ಉಪಕರಣಗಳಿಗೆ ಬೇಕಾದ ಗುಣ. ಕೇಳುವ ಸಂಗೀತಕ್ಕೂ ಬೇಕೇ ಎಂಬುದು ಬೇರೆ ಪ್ರಶ್ನೆ.

ಡಿಜಿಟಲ್ ಯಂತ್ರದಲ್ಲಿ ಇಂಥ ನಿಖರತೆ ನಿಜಕ್ಕೂ ಬೇಕಾದ ಜಾಗ ಒಂದಿದೆ: ಸಂಖ್ಯೆಯನ್ನು ಕರೆಂಟಾಗಿಸುವ ಡಾಕ್. 16 ಬಿಟ್‌ಗಳಲ್ಲಿ ಅತಿ ದೊಡ್ಡದರ ಕರೆಂಟು ಅತಿ ಚಿಕ್ಕದರ 32,768 ಪಟ್ಟು. ದೊಡ್ಡದರಲ್ಲಿ 0.003% ತಪ್ಪಾದರೆ ಸಾಕು, ಚಿಕ್ಕ ಬಿಟ್ ಅದರೊಳಗೆ ಮುಳುಗಿಹೋಗುತ್ತದೆ. ಫಿಲಿಪ್ಸ್‌ನ ರೂಡಿ ವಾನ್ ಡೆ ಪ್ಲಾಷೆ 1970ರ ದಶಕದಲ್ಲೇ ಇದಕ್ಕೆ ಪರಿಹಾರ ಕಂಡಿದ್ದರು: ಕರೆಂಟುಗಳನ್ನು ವೇಗವಾಗಿ ಅದಲುಬದಲು ಮಾಡುತ್ತ ಅವುಗಳ ತಪ್ಪುಗಳನ್ನು ಸರಾಸರಿಯಲ್ಲಿ ಕರಗಿಸುವುದು. ಟಿಡಿಎ1540, ಟಿಡಿಎ1541 ಚಿಪ್ಪುಗಳು ನಡೆದದ್ದು ಈ ದಾರಿಯಲ್ಲೇ. ಬೇರೆ ತಯಾರಕರು ಚಿಪ್ಪಿನೊಳಗಿನ ರೆಸಿಸ್ಟರ್‌ಗಳನ್ನು ಲೇಸರಿನಿಂದ ಕೊರೆದು ಹೊಂದಿಸಿದರು. 1980ರ ದಶಕದ ಕೊನೆಗೆ ಬಂದ ಒಂದು ಬಿಟ್ಟಿನ ಡಾಕ್‌ಗಳಲ್ಲಿ ಹೊಂದಿಸುವ ತಾಪತ್ರಯವೇ ಉಳಿಯಲಿಲ್ಲ. ಹೊರಗಿನ ರೆಸಿಸ್ಟರ್‌ಗೆ ಉಳಿದದ್ದು ಕರೆಂಟನ್ನು ವೋಲ್ಟೇಜಾಗಿಸುವ, ಶಬ್ದಮಟ್ಟ ನಿಗದಿಪಡಿಸುವ ಸಣ್ಣ ಚಾಕರಿ. ಅಲ್ಲಿ ಒಂದು ಪರ್ಸೆಂಟ್ ತಪ್ಪಾದರೂ ಎಡಬಲ ಕಿವಿಗಳ ನಡುವೆ ಬರುವ ಅಂತರ 0.09 ಡೆಸಿಬೆಲ್. ಇನ್ನು ಗದ್ದಲದ ಮಾತು. 1928ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ಸನ್ ಮತ್ತು ಎಟಿ ಆ್ಯಂಡ್ ಟಿ ಕಂಪನಿಯ ನೈಕ್ವಿಸ್ಟ್ ವಿವರಿಸಿದಂತೆ, ಉಷ್ಣದ ಗದ್ದಲ ರೋಧದ ಬೆಲೆಯನ್ನೂ ತಾಪವನ್ನೂ ಅವಲಂಬಿಸುತ್ತದೆ, ಬ್ರ್ಯಾಂಡನ್ನಲ್ಲ. ಸಾವಿರ ಓಮ್‌ನ ಯಾವುದೇ ರೆಸಿಸ್ಟರ್ ಶ್ರವಣವ್ಯಾಪ್ತಿಯಲ್ಲಿ ಹೊಮ್ಮಿಸುವುದು ಸುಮಾರು 0.57 ಮೈಕ್ರೊವೋಲ್ಟ್, ಪ್ಲೇಯರಿನ 2 ವೋಲ್ಟ್‌ಗಿಂತ 130 ಡೆಸಿಬೆಲ್ ಕೆಳಗೆ. ಸಿಡಿಯ ಸ್ವಂತ ಗದ್ದಲದ ನೆಲವೇ 98 ಡೆಸಿಬೆಲ್ ಕೆಳಗೆ ನಿಂತುಬಿಡುತ್ತದೆ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳಲ್ಲಿ ಡಿಸಿ ವೋಲ್ಟೇಜಿನೊಂದಿಗೆ ಬೆಳೆಯುವ ಹೆಚ್ಚುವರಿ ಗದ್ದಲವೊಂದಿತ್ತು ನಿಜ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮೆಟಲ್ ಫಿಲ್ಮ್ ಅದನ್ನು ಎಂದೋ ಬಗೆಹರಿಸಿದೆ.

ಮೀಟರಿಗೆ ಸಿಗದ್ದು ಕಿವಿಗೆ ಸಿಗುತ್ತದೆ ಎನ್ನುವವರಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕಬೇಕಿಲ್ಲ, ಪರೀಕ್ಷಿಸಬಹುದು. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಡಿಗಿಂತ ಹೆಚ್ಚು ವಿವರದ ಹೈ-ರೆಸಲ್ಯೂಷನ್ ಸಂಗೀತದ ದಾರಿಯಲ್ಲಿ ಸಿಡಿ ಮಟ್ಟದ ಪೂರ್ತಿ ಪರಿವರ್ತನೆಯ ಯಂತ್ರವನ್ನೇ ಗುಟ್ಟಾಗಿ ಸೇರಿಸಿ ತೆಗೆದು ಮಾಡಿದರು. 554 ಪರೀಕ್ಷೆಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಅವರು ಆರಿಸಿದ ಧ್ವನಿಮುದ್ರಣಗಳ ಬಗ್ಗೆ ಟೀಕೆಗಳಿವೆ, ಅವುಗಳಲ್ಲಿ ಹುರುಳೂ ಇದೆ. ಶಬ್ದವನ್ನು ವಿಪರೀತ ಏರಿಸಿದಾಗ ಗದ್ದಲ ಕೇಳಿಸಿತು ಎಂದು ಅವರೇ ಬರೆದಿದ್ದಾರೆ. ಆದರೂ ಒಂದಿಡೀ ಯಂತ್ರ, ಅದರೊಳಗಿನ ಸಾಧಾರಣ ರೆಸಿಸ್ಟರ್‌ಗಳ ಸಮೇತ, ಕಿವಿಗೆ ಸಿಗದಿದ್ದ ಮೇಲೆ ಒಂದೆರಡು ರೆಸಿಸ್ಟರ್ ಬದಲಾದದ್ದು ಸಿಗುತ್ತದೆ ಎನ್ನುವವರ ಮೇಲೆ ರುಜುವಾತಿನ ಹೊಣೆ ದೊಡ್ಡದು. ಹಾಗಾದರೆ ತಿದ್ದಿದ ಪ್ಲೇಯರ್ ಚೆನ್ನಾಗಿ ಕೇಳಿಸುತ್ತದೆ ಎನ್ನುವವರೆಲ್ಲ ಭ್ರಮೆಯಲ್ಲಿದ್ದಾರೆಯೇ? ಇರಬೇಕಿಲ್ಲ. ಮುಚ್ಚಳ ತೆಗೆದವರು ಬರೀ ರೆಸಿಸ್ಟರ್ ಮುಟ್ಟಿ ಬಿಡುವುದು ಅಪರೂಪ. ಇಪ್ಪತ್ತು ವರ್ಷಗಳಲ್ಲಿ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಬದಲಿಸುತ್ತಾರೆ, ಸಂಕೇತವನ್ನು ಹಿಗ್ಗಿಸುವ ಆಪ್‌ಆ್ಯಂಪ್ ಚಿಪ್ಪು ಹೊಸದಾಗುತ್ತದೆ, ಕೆಲವೊಮ್ಮೆ ಶಬ್ದಮಟ್ಟವೂ ತುಸು ಏರುತ್ತದೆ. ಕೀರ್ತಿ ಮಾತ್ರ ದುಬಾರಿ ಫಾಯಿಲ್‌ಗೆ ಹೋಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಫ್ರಾನ್ಸಿನ ಟೋಟಲ್‌ಡಾಕ್‌ನಂಥ ತಯಾರಕರು 0.01% ನಿಖರತೆಯ ಫಾಯಿಲ್ ರೆಸಿಸ್ಟರ್‌ಗಳಿಗೆ ಹಣ ಸುರಿಯುವುದೇಕೆ? ಅವರು ಸಿದ್ಧ ಡಾಕ್ ಚಿಪ್ಪನ್ನು ಬಿಟ್ಟು ಬಿಡಿ ರೆಸಿಸ್ಟರ್‌ಗಳ ಏಣಿಯಂಥ ಜಾಲದಿಂದಲೇ ಡಾಕ್ ಕಟ್ಟುತ್ತಾರೆ. ಅಲ್ಲಿ ರೆಸಿಸ್ಟರ್ ಎಂದರೆ ಬಿಟ್ಟೇ. 0.01% ಕೂಡ, ಆರಿಸಿ ಹೊಂದಿಸದಿದ್ದರೆ, ಹದಿಮೂರು ಹದಿನಾಲ್ಕು ಬಿಟ್‌ಗಳಾಚೆ ಸಾಲದು. ಇನ್ನು ಸಾಮಾನ್ಯ ಯಂತ್ರದಲ್ಲೂ ಬದಲಾವಣೆ ಅಳತೆಗೆ ಸಿಗುವ ಜಾಗವೊಂದಿದೆ. ಇಂದಿನ ಸರ್ಕಿಟ್ ಬೋರ್ಡುಗಳ ಮೇಲಿನ ಥಿಕ್ ಫಿಲ್ಮ್ ಚಿಪ್ ರೆಸಿಸ್ಟರ್‌ಗಳ ರೋಧ ವೋಲ್ಟೇಜಿನೊಂದಿಗೆ ಕೊಂಚ ಬದಲಾಗಿ ಡಿಸ್ಟಾರ್ಷನ್ ಹುಟ್ಟಿಸುತ್ತದೆ. ಅವುಗಳ ಜಾಗಕ್ಕೆ ಥಿನ್ ಫಿಲ್ಮ್ ಹಾಕಿದರೆ ಮೀಟರಿನ ಅಂಕಿ ಇಳಿಯುತ್ತದೆ. ಆದರೆ ಅವು ಒಂದೂವರೆ ಮಿಲಿಮೀಟರ್ ಉದ್ದದ ಕಣಗಳು, ಹೆಸರಿಲ್ಲದವು, ಹೊಳಪಿಲ್ಲದವು. ಅವನ್ನು ಬದಲಿಸಿದ್ದೇನೆಂದು ಯಾರೂ ಮುಚ್ಚಳ ತೆಗೆದು ತೋರಿಸುವುದಿಲ್ಲ.